ಗೊಮ್ಮಟನ ಮೆಟ್ಟಿಲಿಗೆ ಕಾಲುಚೀಲ

ಪ್ರಶ್ನೆ: ಯುಗಾದಿ ಕಳೆದ ಮೇಲೆ ಹಾಸನದಿಂದ ಶ್ರವಣಬೆಳಗೊಳಕ್ಕೆ ಸೈಕಲ್‌ನಲ್ಲಿ ಹೋಗಿ, ಬೆಟ್ಟ ಹತ್ತಿ, ಸಂಜೆಗೆ ವಾಪಸ್ ಬರಬೇಕು ಅಂತಿದ್ದೇನೆ. ವಯಸ್ಸು 47, ಗೇರ್ ಇಲ್ಲದ ಹಳೇ ಸೈಕಲ್. ಆಗುತ್ತದೆಯೇ?
– ಓದುಗರೊಬ್ಬರು, ಹಾಸನ

ಉತ್ತರ: ತುಳಿಯೋದೇನೋ ತುಳಿಯುತ್ತೀರಿ. ಚನ್ನರಾಯಪಟ್ಟಣದ ಮೇಲೆ ಹೋದರೆ ಸುಮಾರು 50 ಕಿ.ಮೀ. ನನಗೆ ಚಿಂತೆ ನಿಮ್ಮ ಅಂಗಾಲಿನದು.

ಹೋದ ವರ್ಷ ನಾನೂ ನಿಮ್ಮ ಹಾಗೇ ಲೆಕ್ಕ ಹಾಕಿದ್ದೆ. ಶಾಂತಿಗ್ರಾಮದಲ್ಲಿ ಇಡ್ಲಿ, ಪಟ್ಟಣದಲ್ಲಿ ಎಳನೀರು, ಹೊಂಗೆ ಚಿಗುರಿನ ನೆರಳು ಕಂಡಲ್ಲೆಲ್ಲ ಒಂದು ನಿಲುಗಡೆ. ಬೆಟ್ಟದ ಬುಡ ಸೇರುವಾಗ ಹನ್ನೊಂದೂವರೆ. ಚಪ್ಪಲಿ ಬಿಟ್ಟು ಹತ್ತಬೇಕು, ಅಲ್ವಾ? ಬಂಡೆಯಲ್ಲೇ ಕಡಿದ ಆರುನೂರಕ್ಕೂ ಜಾಸ್ತಿ ಮೆಟ್ಟಿಲು. ಹತ್ತುವಾಗ ಹುರುಪಿನಲ್ಲಿ ಗೊತ್ತಾಗಲಿಲ್ಲ. ಇಳಿಯುವಾಗ ಕಾದ ಹೆಂಚಿನ ಮೇಲೆ ಕುಣಿದ ಹಾಗೆ ಇಳಿದೆ. ಬೊಬ್ಬೆ ಎದ್ದ ಕಾಲಲ್ಲಿ ಪೆಡಲ್ ಒತ್ತುವ ಸುಖ ನಿಮಗೆ ಬೇಡ.

ಹಾಗಾಗಿ ಸಂಜೆಗೇ ವಾಪಸ್ ಬರುವ ಯೋಚನೆ ಬಿಡಿ. ಮಧ್ಯಾಹ್ನ ಊಟ ಮುಗಿಸುತ್ತಲೇ ಹಾಸನದಿಂದ ಹೊರಡಿ. ಆದಷ್ಟು ಕತ್ತಲಾಗುವ ಮೊದಲೇ ಬೆಳಗೊಳ ಸೇರಿ. ಹೆದ್ದಾರಿಯಲ್ಲಿ ಲಾರಿಗಳ ಕಾಟ. ಪಟ್ಟಣದಿಂದ ಬೆಳಗೊಳದ ರಸ್ತೆಗೆ ತಿರುಗಿದ ಮೇಲೆ ನೆಮ್ಮದಿ. ಮೂರ್ತಿ ನಿಂತಿರುವುದು ಉತ್ತರಕ್ಕೆ ಮುಖ ಮಾಡಿ, ನೀವು ಬರುವುದೂ ಆ ಕಡೆಯಿಂದಲೇ. ಕೋಟೆಯಂಥ ಗೋಡೆಯ ಮೇಲೆ ತಲೆ ಕಂಡರೆ ಅಲ್ಲೇ ಒಂದು ಕಾಲು ಊರಿ ನಿಂತು ನೋಡಿ. ರಾತ್ರಿ ಧರ್ಮಶಾಲೆಯಲ್ಲೋ ಲಾಡ್ಜಿನಲ್ಲೋ ಮಲಗಿ, ಸೈಕಲ್ ಅಲ್ಲೇ ಬಿಟ್ಟು, ಬಾಗಿಲು ತೆರೆಯುತ್ತಲೇ ಹತ್ತಿ. ಆಗ ಬಂಡೆ ತಣ್ಣಗಿರುತ್ತದೆ. ಬಿಸಿಲು ಬಲಗೆನ್ನೆಗೆ ಬಿದ್ದು, ಆ ನಗು ಇದೆಯೋ ಇಲ್ಲವೋ ಎನ್ನುವ ತುಟಿ ಚೆನ್ನಾಗಿ ಕಾಣುತ್ತದೆ.

57 ಅಡಿ ಅಂತ ಎಲ್ಲರೂ ಕತ್ತೆತ್ತಿಯೇ ನೋಡುತ್ತಾರೆ. ನೀವು ಸ್ವಲ್ಪ ಹೊತ್ತು ಕೆಳಗೂ ನೋಡಿ. ಕಾಲಿನ ಪಕ್ಕದ ಹುತ್ತದಿಂದ ಹಾವುಗಳು ತಲೆ ಹೊರಹಾಕಿವೆ. ಅಲ್ಲಿಂದಲೇ ಮಾಧವಿ ಬಳ್ಳಿ ತೊಡೆ ಸುತ್ತಿ ತೋಳಿಗೆ ಹಬ್ಬಿದೆ. ಪಾದದ ಬಳಿ ಹಳಗನ್ನಡದಲ್ಲಿ ‘ಶ್ರೀ ಚಾವುಂಡರಾಜಂ ಮಾಡಿಸಿದಂ’ ಎಂದು ಕೊರೆದಿದೆ. ಸಾವಿರ ವರ್ಷ ದಾಟಿದ ಸಾಲು, ಆದರೂ ಅರ್ಥ ಆಗುತ್ತದೆ ನೋಡಿ!

ಪಂಕ್ಚರ್ ಸಾಮಾನು, ಪಂಪು, ಎರಡು ಬಾಟಲ್ ನೀರು ಇರಲಿ. ದಪ್ಪ ಕಾಲುಚೀಲ ಮರೆಯಬೇಡಿ. ಮರೆತರೆ ಬೆಟ್ಟದ ಬುಡದಲ್ಲೇ ಮಾರುತ್ತಾರೆ. ನಾನು ಕೊಂಡಿದ್ದು ಇಳಿದ ಮೇಲೆ.