ಮಳೆಗಾಲಕ್ಕೆ ಬಚ್ಚಲ ಒಲೆಗೆ ಎಷ್ಟು ಸೌದೆ ಬೇಕು?

ನೀವು ಕೇಳಿದ್ದು ಇಷ್ಟು. ಬೆಂಗಳೂರು ಬಿಟ್ಟು ತೀರ್ಥಹಳ್ಳಿ ಹತ್ತಿರದ ಅಜ್ಜನ ಮನೆಗೆ ಬಂದಿದ್ದೀರಿ, ಮನೆಯಲ್ಲಿ ಐದು ಜನ, ಬಚ್ಚಲಲ್ಲಿ ಹಳೇ ತಾಮ್ರದ ಹಂಡೆ ಇದೆ. ಮಳೆಗಾಲಕ್ಕೆ ಎಷ್ಟು ಸೌದೆ ಕೂಡಿಡಬೇಕು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಅದರ ಬದಲು ಗೀಸರ್ ಹಾಕಿಸಿಬಿಡೋದೇ ವಾಸಿಯಾ ಅಂತ.

ನಾನು ಹೊಸನಗರದ ಕಡೆಯವನು, ನಮ್ಮ ಮನೆಯಲ್ಲೂ ಐದೇ ಜನ. ನೇರ ಉತ್ತರ ಬೇಕಾದರೆ: ಒಣಗಿದ ಸೌದೆ ಒಂದು ಟನ್, ಮೇಲೆ ಸ್ವಲ್ಪ. ಆದರೆ ಈ ಲೆಕ್ಕ ನಮ್ಮ ಒಲೆಯದ್ದು. ನಿಮ್ಮ ಒಲೆ ಇದರ ಅರ್ಧ ತಿನ್ನಬಹುದು, ಒಂದೂವರೆಯಷ್ಟೂ ತಿನ್ನಬಹುದು. ಅದಕ್ಕೇ ಊರವರೆಲ್ಲ ಬೇರೆ ಬೇರೆ ಹೇಳುವುದು, ಅವರ್ಯಾರೂ ಸುಳ್ಳು ಹೇಳುತ್ತಿಲ್ಲ.

ಮೊದಲು ನಾನು ಪೆಟ್ಟು ತಿಂದ ಕಥೆ ಹೇಳುತ್ತೇನೆ. ಅಪ್ಪ ಇದ್ದಷ್ಟು ದಿನ ಸೌದೆ ಅವರ ಇಲಾಖೆ. ಅವರು ಹೋದ ಮೇಲಿನ ಮೊದಲ ವರ್ಷ ಕೊಟ್ಟಿಗೆಯಲ್ಲಿ ಅವರೇ ಕೂಡಿಟ್ಟದ್ದು ಇತ್ತು, ಒಂದು ಪಿಕಪ್ ಲೋಡಿನಷ್ಟು, ಸೆಪ್ಟೆಂಬರ್ ಕೊನೆವರೆಗೂ ಬಂತು. ಸರಿ, ಒಂದು ಲೋಡ್ ಸಾಕು ಅಂತ ಮನಸ್ಸಲ್ಲಿ ಬರೆದಿಟ್ಟುಕೊಂಡೆ. ಮರುವರ್ಷ ತೋಟದ ಕೆಲಸದ ಗಡಿಬಿಡಿಯಲ್ಲಿ ಮೇ ಕೊನೆಗೆ ನೆನಪಾಗಿ, ಆಗಷ್ಟೇ ಕಡಿದ ಅಕೇಶಿಯಾ ಒಂದು ಲೋಡ್ ತರಿಸಿದೆ. ಅದೇ ಗಾಡಿ, ಅದೇ ಎತ್ತರ. ಪುಷ್ಯ ಮಳೆ ಮುಗಿಯುವ ಹೊತ್ತಿಗೆ ಅರ್ಧಕ್ಕಿಂತ ಜಾಸ್ತಿ ಖಾಲಿ, ಆಶ್ಲೇಷದಲ್ಲಿ ಕೊಟ್ಟಿಗೆ ನೆಲ ಕಾಣಿಸಿತು. ಅಷ್ಟು ದಿನವೂ ಹಂಡೆ ನೀರು ಒಂದು ದಿನವಾದರೂ ಸರಿಯಾಗಿ ಕಾಯಲಿಲ್ಲ, ಮನೆ ತುಂಬ ಹೊಗೆ, ಅಮ್ಮನಿಗೆ ಕೆಮ್ಮು. ಆಗಸ್ಟಿನಲ್ಲಿ ಸೌದೆ ಹುಡುಕಿಕೊಂಡು ಹೋದರೆ ಕೇಳಿದ ದುಡ್ಡು ಕೊಡಬೇಕು, ಅದೂ ನೆಂದದ್ದೇ.

ಹೋದ ವರ್ಷ ಸಾಕಾದ ಲೋಡ್ ಈ ವರ್ಷ ಯಾಕೆ ಸಾಕಾಗಲಿಲ್ಲ? ನಾನು ತರಿಸಿದ್ದರಲ್ಲಿ ಹೆಚ್ಚೂಕಡಿಮೆ ಅರ್ಧ ತೂಕ ನೀರು, ಅಷ್ಟೇ. ಹಸಿ ಮರ ಉರಿಯಬೇಕಾದರೆ ಮೊದಲು ತನ್ನೊಳಗಿನ ನೀರನ್ನು ಆವಿ ಮಾಡಿ ಹೊರಗೆ ಹಾಕಬೇಕು, ಹಂಡೆಗೆ ಸಿಗುವುದು ಆಮೇಲೆ ಉಳಿದದ್ದು.

ಲೆಕ್ಕ ಈಗ. ಎಲ್ಲವನ್ನೂ ಕರೆಂಟಿನ ಯೂನಿಟ್ಟಿನಲ್ಲೇ ಹೇಳುತ್ತೇನೆ, ಬಿಲ್ ನೋಡಿ ಎಲ್ಲರಿಗೂ ಗೊತ್ತಿರುವ ಅಳತೆ ಅದೊಂದೇ. ಒಂದು ಯೂನಿಟ್ ಶಾಖ ಸುಮಾರು 860 ಲೀಟರ್ ನೀರನ್ನು 1 ಡಿಗ್ರಿ ಬಿಸಿ ಮಾಡುತ್ತದೆ. ನಮ್ಮ ಹಂಡೆ 80 ಲೀಟರಿನದು. ಮಳೆಗಾಲದ ಬೆಳಿಗ್ಗೆ ನೀರು 22 ಡಿಗ್ರಿ ಆಸುಪಾಸು ಇರುತ್ತದೆ, ಅದನ್ನು 62ಕ್ಕೆ ತರಬೇಕು, ಅಂದರೆ 40 ಡಿಗ್ರಿ ಏರಿಕೆ. 80 ಗುಣಿಸು 40, ಭಾಗಿಸು 860. ಸುಮಾರು 3.7 ಯೂನಿಟ್. ಇಷ್ಟು ಕಾದ ನೀರಿಗೆ ತಣ್ಣೀರು ಬೆರೆಸಿಕೊಂಡರೆ ಐದು ಜನರ ಸ್ನಾನ ಧಾರಾಳವಾಗಿ ಆಗುತ್ತದೆ.

ಚೆನ್ನಾಗಿ ಒಣಗಿದ 1 ಕೆಜಿ ಸೌದೆಯಲ್ಲಿ ಸುಮಾರು 4 ಯೂನಿಟ್ ಶಾಖ ಇರುತ್ತದೆ. ಆಗ ಕಡಿದ ಹಸಿಯದರಲ್ಲಿ 2 ಚಿಲ್ಲರೆ. ಅಂದರೆ ಶಾಖವೆಲ್ಲ ನೀರಿಗೇ ಹೋದರೆ ದಿನಕ್ಕೆ 1 ಕೆಜಿ ಒಣ ಸೌದೆ ಸಾಕು! ನಾನು ತೂಗಿ ನೋಡಿದರೆ ನಮ್ಮ ಒಲೆ ತಿನ್ನುತ್ತಿದ್ದದ್ದು 7 ಕೆಜಿ. ಇದು ನಮ್ಮ ಒಲೆಯೊಂದರ ರೋಗವಲ್ಲ, ಹಳೇ ಕಾಲದ ತೆರೆದ ಒಲೆಗಳು ಸೌದೆಯ ಶಾಖದಲ್ಲಿ ನೂರಕ್ಕೆ ಹತ್ತು-ಹದಿನೈದು ಭಾಗ ಮಾತ್ರ ಪಾತ್ರೆಗೆ ಕೊಡುತ್ತವೆ. ಉಳಿದದ್ದು ಗೋಡೆಗೆ, ಹೊಗೆಗೆ, ಆಕಾಶಕ್ಕೆ.

ಹಾಗಾಗಿ ನೀವು ಮಾಡಬೇಕಾದ ಮೊದಲ ಕೆಲಸ ತೂಗುವುದು. ಅಡಿಕೆ ತೂಗುವ ತಕ್ಕಡಿ ಮನೆಯಲ್ಲಿ ಇದ್ದೇ ಇರುತ್ತದೆ. ಬೆಳಿಗ್ಗೆ 10 ಕೆಜಿ ಸೌದೆ ತೂಗಿ ಒಲೆ ಪಕ್ಕ ಇಡಿ, ಅದರಿಂದಲೇ ಉರಿಸಿ, ಸ್ನಾನ ಎಲ್ಲ ಮುಗಿದ ಮೇಲೆ ಉಳಿದದ್ದನ್ನು ತೂಗಿ. ಹೀಗೆ ಒಂದು ವಾರ. ಮೂರು ದಿನ ಮಾಡಿದರೂ ನಡೆಯುತ್ತದೆ, ಆದರೆ ಅದರಲ್ಲಿ ತಲೆಸ್ನಾನದ ದಿನ ಒಂದಾದರೂ ಇರಲಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಸರಾಸರಿ ಬಂದದ್ದನ್ನು 122ರಿಂದ ಗುಣಿಸಿ, ಜೂನ್ ಒಂದರಿಂದ ಸೆಪ್ಟೆಂಬರ್ ಕೊನೆವರೆಗೆ ಅಷ್ಟು ದಿನ. ನಮ್ಮದು 7 ಗುಣಿಸು 122, ಅಂದರೆ 854 ಕೆಜಿ. ಬೇಸಿಗೆಯಲ್ಲಿ ತೂಗಿದ್ದಾದರೆ ಮೇಲೆ ಕಾಲು ಭಾಗ ಸೇರಿಸಿ. ಯಾಕೆಂದರೆ ಮಳೆಗಾಲದಲ್ಲಿ ನೀರೂ ತಣ್ಣಗೆ, ಸೌದೆಯೂ ಗಾಳಿಯ ತೇವ ಎಳೆದುಕೊಂಡಿರುತ್ತದೆ, ನೆಂಟರು ಬರುತ್ತಾರೆ, ತೋಟದಿಂದ ನೆಂದು ಬಂದವರಿಗೆ ಸಂಜೆ ಇನ್ನೊಂದು ಸಲ ಬಿಸಿನೀರು ಬೇಕು, ಒಲೆ ಮೇಲಿನ ತಂತಿಯಲ್ಲಿ ಒಣಗಬೇಕಾದ ಬಟ್ಟೆ ಅಂತೂ ಮುಗಿಯುವುದೇ ಇಲ್ಲ. ಹೀಗೆ ಬಂದದ್ದು ನಾನು ಮೊದಲೇ ಹೇಳಿದ ಒಂದು ಟನ್ ಚಿಲ್ಲರೆ.

ಟನ್ ಅಂದರೆ ಕಣ್ಣಿಗೆ ಎಷ್ಟು? ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಎತ್ತರಕ್ಕೆ ಒತ್ತಾಗಿ ಪೇರಿಸಿದ ನಮ್ಮ ಒಣ ಅಕೇಶಿಯಾ ತೂಗಿದಾಗ 320 ಕೆಜಿ ಬಂತು. ಅಂಥದ್ದು ಮೂರು, ಮೂರೂಕಾಲು ರಾಶಿ. ಹಗುರ ಜಾತಿಯ ಮರವಾದರೆ ಅದೇ ರಾಶಿ ಕಡಿಮೆ ತೂಗುತ್ತದೆ, ಬೇಗ ಉರಿದೂ ಹೋಗುತ್ತದೆ. ಮಾರುವವರು ಲೋಡ್ ಲೆಕ್ಕದಲ್ಲಿ ಕೊಟ್ಟರೆ ಗಾಡಿಯಿಂದ ಸುರಿದ ರಾಶಿ ನೋಡಿ ದುಡ್ಡು ಎಣಿಸಬೇಡಿ, ಪೇರಿಸಿ ಅಳೆಯಿರಿ. ತೂಕದ ಲೆಕ್ಕವಾದರೆ ಒಣಗಿದ್ದನ್ನೇ ಕೇಳಿ, ಇಲ್ಲದಿದ್ದರೆ ನೀರಿಗೆ ದುಡ್ಡು ಕೊಟ್ಟ ಹಾಗಾಗುತ್ತದೆ. ಎರಡು ತುಂಡು ಒಂದಕ್ಕೊಂದು ತಾಗಿಸಿದರೆ ಒಣಗಿದ್ದು ಟಣ್ ಅನ್ನುತ್ತದೆ, ಹಸಿಯದು ದಬ್ ಅನ್ನುತ್ತದೆ. ತುದಿಯಲ್ಲಿ ಬಿರುಕು ಬಿಟ್ಟಿರಬೇಕು, ತೊಗಟೆ ಸಲೀಸಾಗಿ ಕಿತ್ತು ಬರಬೇಕು.

ಜನವರಿ, ಹೆಚ್ಚೆಂದರೆ ಫೆಬ್ರವರಿಯಲ್ಲಿ ತರಿಸಿಬಿಡಿ. ತಂದ ಕೂಡಲೇ ಸೀಳಿಸಿ, ದಿಮ್ಮಿಯಾಗಿಯೇ ಬಿಟ್ಟರೆ ತೊಗಟೆಯೊಳಗೆ ನೀರು ಹಾಗೇ ಕೂತಿರುತ್ತದೆ. ಎರಡು-ಮೂರು ತಿಂಗಳು ಬಿಸಿಲು ಕಂಡು, ಏಪ್ರಿಲ್‌ನ ಗುಡುಗು ಮಳೆ ಶುರುವಾಗುವ ಮೊದಲು ಕೊಟ್ಟಿಗೆ ಸೇರಬೇಕು. ಕೆಳಗೆ ಕಲ್ಲೋ ಅಡಿಕೆ ದಬ್ಬೆಯೋ ಹಾಕಿ ನೆಲದಿಂದ ಎತ್ತರಿಸಿ, ಇಲ್ಲದಿದ್ದರೆ ಒರಲೆಗೆ (ಗೆದ್ದಲಿಗೆ) ಹಬ್ಬ. ಗೋಡೆಗೆ ಒತ್ತಬೇಡಿ, ಹಿಂದೆ ಗಾಳಿ ಆಡಲಿ. ಮಳೆಗಾಲದಲ್ಲಿ ರಾಶಿಗೆ ಕೈ ಹಾಕುವ ಮೊದಲು ಕೋಲಿನಿಂದ ಒಮ್ಮೆ ಬಡಿಯಿರಿ, ಒಳಗೆ ಯಾರು ಬೆಚ್ಚಗೆ ಮಲಗಿರುತ್ತಾರೋ. ಹಾಂ, ಸ್ವಂತ ಜಮೀನಿನ ಮರ ತಾನೇ ಅಂತ ಕೊಡಲಿ ಎತ್ತಬೇಡಿ. 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಹಳಷ್ಟು ಜಾತಿಯ ಮರಗಳಿಗೆ ಅನುಮತಿ ಬೇಕು.

ಇನ್ನೊಂದು ಉಪಾಯ, ಇದು ನನ್ನ ಸ್ವಂತದ್ದು. ರಾಶಿ ಪಕ್ಕದ ಗೋಡೆ ಮೇಲೆ ಇದ್ದಿಲಿನಿಂದ ನಾಲ್ಕು ಗೆರೆ ಎಳೆದಿದ್ದೇನೆ: ಜೂನ್ ಕೊನೆ, ಜುಲೈ ಕೊನೆ, ಆಗಸ್ಟ್ ಕೊನೆ, ಸೆಪ್ಟೆಂಬರ್ ಕೊನೆ. ಮೇಲಿನಿಂದ ತೆಗೆಯುತ್ತಾ ಬಂದ ಹಾಗೆ ರಾಶಿ ಯಾವ ಗೆರೆಗೆ ಇಳಿದಿದೆ ನೋಡಿದರೆ ಸಾಕು. ಗೆರೆಗಳು ಸಮ ಅಂತರದಲ್ಲಿಲ್ಲ, ಜುಲೈ ಪಾಲು ದೊಡ್ಡದು, ಪುನರ್ವಸು ಹಿಡಿದರೆ ಮನೆಯವರೆಲ್ಲ ಒಲೆ ಮುಂದೆಯೇ ಕೂರುವುದು. ರಾಶಿ ಗೆರೆಗಿಂತ ಕೆಳಗೆ ಹೋದರೆ ಗೊತ್ತಾಗುವುದು ಜುಲೈನಲ್ಲಿ, ನನಗಾದ ಹಾಗೆ ಆಗಸ್ಟಿನಲ್ಲಲ್ಲ. ಅಡಿಕೆ ಬೇಯಿಸಲು ಇಟ್ಟ ಸೌದೆ ಬೇರೆಯೇ ಇರಲಿ, ಅದಕ್ಕೆ ಕೈ ಹಾಕುವ ಅಭ್ಯಾಸ ಒಮ್ಮೆ ಶುರುವಾದರೆ ಅಕ್ಟೋಬರಿನಲ್ಲಿ ಕೊಯ್ಲಿನ ಹೊತ್ತಿಗೆ ಮತ್ತೆ ಓಡಾಟ.

ಸೌದೆ ಕೂಡಿಸುವುದಕ್ಕಿಂತ ಒಲೆ ರಿಪೇರಿಯಲ್ಲೇ ಲಾಭ ಜಾಸ್ತಿ ಅಂತ ನನಗೆ ಆಮೇಲೆ ಗೊತ್ತಾಯಿತು. ನಮ್ಮ ಹಂಡೆ ಸುತ್ತ ಮಣ್ಣು ಉದುರಿ ಕೈ ತೂರುವಷ್ಟು ಸಂದು ಬಿದ್ದಿತ್ತು, ಬೆಂಕಿ ಹಂಡೆ ತಳ ಸವರುವ ಮೊದಲೇ ಅಲ್ಲಿಂದ ಹಾರಿ ಹೋಗುತ್ತಿತ್ತು. ಅದನ್ನು ಮುಚ್ಚಿಸಿದೆ. ಸೌದೆ ನೆಲದ ಬೂದಿಯಲ್ಲಿ ಮಲಗುವ ಬದಲು ಕಬ್ಬಿಣದ ಸರಳಿನ ಮೇಲೆ ಕೂರುವ ಹಾಗೆ ಮಾಡಿಸಿದೆ, ಕೆಳಗಿನಿಂದ ಗಾಳಿ ಬರುತ್ತದೆ. ಒಲೆ ಬಾಯಿಗೆ ತಗಡಿನ ಬಾಗಿಲು. ಹಂಡೆಗೆ ಸರಿಯಾಗಿ ಕೂರುವ ಮುಚ್ಚಳ, ಇದು ಎಷ್ಟೋ ಮನೆಯಲ್ಲಿ ಇರುವುದೇ ಇಲ್ಲ. ತಿಂಗಳಿಗೊಮ್ಮೆ ತಳದ ಮಸಿ ಕೆರೆಯುವುದು. ಇಷ್ಟಕ್ಕೇ 7 ಕೆಜಿ ಇದ್ದದ್ದು 5ಕ್ಕೆ ಇಳಿಯಿತು, ಅಂದರೆ ಮಳೆಗಾಲಕ್ಕೆ 244 ಕೆಜಿ ಉಳಿತಾಯ. ಈಗ ಕಾಲು ಭಾಗ ಸೇರಿಸಿದರೂ ನನಗೆ 760 ಕೆಜಿ ಸಾಕು. ಇದೇನೂ ನಾನು ಕಂಡುಹಿಡಿದದ್ದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1980ರ ದಶಕದಲ್ಲಿ ಅಸ್ತ್ರ ಒಲೆ ಮಾಡಿದ್ದು ಇದೇ ಸೂತ್ರದ ಮೇಲೆ: ಸರಳು, ಮುಚ್ಚಿದ ಉರಿಗೂಡು, ಬಿಸಿ ಗಾಳಿ ಪಾತ್ರೆಯನ್ನು ಸವರಿಕೊಂಡೇ ಚಿಮಣಿಗೆ ಹೋಗುವ ದಾರಿ. ಕೆಲಸ ಗೊತ್ತಿರುವ ಮೇಸ್ತ್ರಿ ಸಿಕ್ಕರೆ ಒಲೆಯನ್ನೇ ಹೊಸದಾಗಿ ಕಟ್ಟಿಸಿ.

ಮರುದಿನದ ಸೌದೆಯನ್ನು ಒಲೆ ಪಕ್ಕ ಪೇರಿಸಿದರೆ ಬೆಳಿಗ್ಗೆಗೆ ಗರಿಗರಿ ಆಗಿರುತ್ತದೆ, ಆದರೆ ಕೆಂಡದಿಂದ ಎರಡಡಿ ದೂರ ಇರಲಿ. ಹೊತ್ತಿಸಲು ಸೋಗೆ, ಆಮೇಲೆ ಸೌದೆ, ಕೊನೆಗೆ ತೆಂಗಿನ ಸಿಪ್ಪೆ ನಾಲ್ಕು ಒತ್ತಿ ಬಾಗಿಲು ಮುಚ್ಚಿದರೆ ತಡವಾಗಿ ಏಳುವವರಿಗೂ ನೀರು ಬಿಸಿ ಇರುತ್ತದೆ. ಅಡಿಕೆ ಹಾಳೆ ಭುಗ್ ಅಂತ ಉರಿದು ಮುಗಿಯುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಗೀಸರ್ ವಿಷಯ. ಅದೇ 3.7 ಯೂನಿಟ್, ಸೋರಿಕೆ ಸೇರಿ ದಿನಕ್ಕೆ ನಾಲ್ಕು ಚಿಲ್ಲರೆ ಅಂದುಕೊಳ್ಳಿ. ನಿಮ್ಮ ಬಿಲ್ಲಿನ ದರದಿಂದ ಗುಣಿಸಿ, ಸೌದೆ ದರದ ಪಕ್ಕ ಇಟ್ಟು ನೋಡಿ. ಸೌದೆ ದುಡ್ಡು ಕೊಟ್ಟೇ ತರುವವರಿಗೆ, ಒಲೆಯೂ ಹಳೆಯದಾದರೆ, ವ್ಯತ್ಯಾಸ ನೀವು ಅಂದುಕೊಂಡಷ್ಟು ಇರುವುದಿಲ್ಲ. ಆದರೆ ನಿಮ್ಮದು ಆಗುಂಬೆ ಇರುವ ತಾಲ್ಲೂಕು, ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಬರುವುದು ಯಾವಾಗ ಅಂತ ಹೇಳುವವರಿಲ್ಲ. ಮನೆಯ ಸಾಮಾನ್ಯ ಇನ್ವರ್ಟರ್ 2000 ವಾಟಿನ ಗೀಸರ್ ಎಳೆಯುವುದಿಲ್ಲ. ಸೋಲಾರ್ ಅಕ್ಟೋಬರಿನಿಂದ ಮೇವರೆಗೆ ಬಂಗಾರ, ಆರಿದ್ರಾ ಶುರುವಾದರೆ ಛಾವಣಿ ಮೇಲಿನ ಅಲಂಕಾರ. ಗ್ಯಾಸ್ ಗೀಸರಿಗೆ 14.2 ಕೆಜಿ ಸಿಲಿಂಡರ್ ಇಷ್ಟೇ ನೀರಿಗೆ ಮೂವತ್ತೈದು-ನಲವತ್ತು ದಿನ ಬರಬಹುದು. ಹಾಕಿಸುವುದಾದರೆ ಬಚ್ಚಲ ಹೊರಗೆ ಹಾಕಿಸಿ. ಗಾಳಿಯಾಡದ ಬಚ್ಚಲಲ್ಲಿ ಅದರಿಂದ ಕಾರ್ಬನ್ ಮಾನಾಕ್ಸೈಡ್ ತುಂಬಿದರೆ ವಾಸನೆಯೂ ಗೊತ್ತಾಗುವುದಿಲ್ಲ, ಪ್ರಾಣವೇ ಹೋಗುತ್ತದೆ.

ನಮ್ಮಲ್ಲಿ ಈಗ ಮಳೆಗಾಲಕ್ಕೆ ಹಂಡೆ, ಉಳಿದ ಎಂಟು ತಿಂಗಳಿಗೆ ಸೋಲಾರ್. ಸಣ್ಣ ಗೀಸರ್ ಒಂದಿದೆ, ಅಮ್ಮನಿಗೆ ಹುಷಾರಿಲ್ಲದಾಗ. ನೀವು ಒಂದು ವಾರ ತೂಗಿ, ಹಂಡೆ ಎಷ್ಟು ಲೀಟರ್ ಹಿಡಿಯುತ್ತದೆ ಅಂತ ಕೊಡದಲ್ಲಿ ಅಳೆದು, ಎರಡೂ ಸಂಖ್ಯೆ ಇಲ್ಲೇ ಕೆಳಗೆ ಬರೆಯಿರಿ. ಹಂಡೆ ಸುತ್ತ ಸಂದು ಇದೆಯಾ ಅಂತಲೂ ನೋಡಿ ಹೇಳಿ.