ಎರಡು ಕಂತಿನ ನಿದ್ದೆ

ಪ್ರಶ್ನೆ: ವಿದ್ಯುದ್ದೀಪಕ್ಕೆ ಮೊದಲು ಯುರೋಪಿನ ಜನರು ಕತ್ತಲಾಗುತ್ತಲೇ ಮಲಗಿ, ನಡುರಾತ್ರಿ ಎಚ್ಚೆತ್ತು, ಮತ್ತೆ ನಿದ್ದೆ ಹೋಗುತ್ತಿದ್ದರೆಂದು ಓದಿದ್ದೇನೆ. ಇದು ನಿಜವೇ?

ಉತ್ತರ: ಕತ್ತಲಾಗುತ್ತಲೇ ಮಲಗುತ್ತಿದ್ದರೆಂಬ ಮಾತನ್ನು ಒಪ್ಪುವುದು ಕಷ್ಟ. ಚಳಿಗಾಲದಲ್ಲಿ ಸಂಜೆ ನಾಲ್ಕೈದು ಗಂಟೆಗೇ ಕತ್ತಲು ಕವಿಯುವ ನಾಡುಗಳಲ್ಲಿ ಹಾಗೆ ಮಾಡಿದ್ದರೆ ದುಡಿಮೆ ಸಾಗುತ್ತಿರಲಿಲ್ಲ. ಫ್ರಾನ್ಸ್ ಮತ್ತು ಜರ್ಮನಿಯ ಹಳ್ಳಿಗಳಲ್ಲಿ ನೆರೆಹೊರೆಯವರು ಒಂದೇ ಮನೆಯಲ್ಲಿ, ಕೆಲವೆಡೆ ದನಗಳ ಮೈಶಾಖವಿರುವ ಕೊಟ್ಟಿಗೆಯಲ್ಲಿ ಕಲೆತು, ಒಂದೇ ದೀಪವನ್ನು ಹಂಚಿಕೊಂಡು ನೂಲುತ್ತ, ಉಪಕರಣಗಳನ್ನು ದುರಸ್ತಿ ಮಾಡುತ್ತ, ಕಥೆ ಹೇಳುತ್ತ ಕೂರುತ್ತಿದ್ದರು. ಆ ದೀಪವೂ ಸುಮ್ಮನೆ ಉರಿಯುತ್ತಿರಲಿಲ್ಲ: ಕುರಿ, ದನಗಳ ಕೊಬ್ಬಿನಿಂದ ಮಾಡಿದ ಮೇಣದಬತ್ತಿಯ ಕರಿಕಟ್ಟಿದ ಕುಡಿಯನ್ನು ಆಗಾಗ ಕತ್ತರಿಸದಿದ್ದರೆ ಬೆಳಕು ಮಂಕಾಗಿ, ಕೊಬ್ಬು ಸೋರಿ, ಹೊಗೆಯೂ ದುರ್ವಾಸನೆಯೂ ಕೋಣೆಯನ್ನು ತುಂಬುತ್ತಿದ್ದವು. ಜೇನುಮೇಣದ ಬತ್ತಿ ಚರ್ಚು ಮತ್ತು ಸಿರಿವಂತರ ಸೊತ್ತಾಗಿತ್ತು; ಬಡವರು ಸಿಪ್ಪೆ ಸುಲಿದ ಜೊಂಡನ್ನು ಕೊಬ್ಬಿನಲ್ಲಿ ಅದ್ದಿ ಉರಿಸುತ್ತಿದ್ದರು. ಬ್ರಿಟನ್ನಿನಲ್ಲಂತೂ 1709ರಿಂದ 1831ರವರೆಗೆ ಮೇಣದಬತ್ತಿಯ ಮೇಲೆ ತೆರಿಗೆಯಿತ್ತು.

ಎರಡು ಕಂತಿನ ನಿದ್ದೆಗೆ ಮಾತ್ರ ಆಧಾರ ಗಟ್ಟಿಯಾಗಿದೆ. ಅಮೆರಿಕದ ಇತಿಹಾಸಕಾರ ರೋಜರ್ ಎಕಿರ್ಚ್ ಅವರು ದಿನಚರಿ, ವೈದ್ಯಗ್ರಂಥ, ನ್ಯಾಯಾಲಯದ ಹೇಳಿಕೆಗಳನ್ನು ಜಾಲಾಡಿ ‘ಮೊದಲ ನಿದ್ದೆ’, ‘ಎರಡನೆಯ ನಿದ್ದೆ’ಗಳ ಉಲ್ಲೇಖಗಳನ್ನು ಹೇರಳವಾಗಿ ತೋರಿಸಿದ್ದಾರೆ. ಸಾಕ್ಷಿ ಹೇಳಿದವರು ಅದು ಏನೆಂದು ವಿವರಿಸುವ ಗೋಜಿಗೇ ಹೋಗುವುದಿಲ್ಲ. ಕೇಳುವವರಿಗೆಲ್ಲ ಅದು ಗೊತ್ತಿದ್ದ ಸಂಗತಿಯೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ನನಗೆ ಕಾಣದು. ನಡುವಿನ ಎಚ್ಚರದಲ್ಲಿ ಕೆಲವರು ಪ್ರಾರ್ಥಿಸುತ್ತಿದ್ದರು, ದಂಪತಿಗಳು ಮಾತನಾಡುತ್ತಿದ್ದರು, ಕೆಲವರು ಒಲೆಯನ್ನೋ ದನಗಳನ್ನೋ ನೋಡಿ ಬರುತ್ತಿದ್ದರು. ಕದಿಯಲು ಹೊರಟವರೂ ಇಲ್ಲದಿರಲಿಲ್ಲ.

ಪಟ್ಟಣಗಳಲ್ಲಿ ಬದಲಾವಣೆ ಬೇಗ ಬಂತು. ಪ್ಯಾರಿಸ್ಸಿನ ಬೀದಿಗಳಿಗೆ 1667ರಲ್ಲಿ ಲಾಂದ್ರಗಳು ಬಂದವು. 1807ರಲ್ಲಿ ಲಂಡನ್ನಿನ ಪಾಲ್ ಮಾಲ್ ರಸ್ತೆ ಅನಿಲದೀಪದಲ್ಲಿ ಬೆಳಗಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಮಲಗುವ ಹೊತ್ತು ಮುಂದೆ ಸರಿದಂತೆ ಇಬ್ಭಾಗದ ನಿದ್ದೆಯ ಪ್ರಸ್ತಾಪವೂ ವಿರಳವಾಯಿತು.

ಆದರೆ ಮನುಷ್ಯನ ಸಹಜ ನಿದ್ದೆಯೇ ಇದೆಂದು ಹೇಳುವುದು ಆತುರದ ಮಾತು. ದಿನಕ್ಕೆ 14 ಗಂಟೆ ಕತ್ತಲಿನಲ್ಲಿರಿಸಿದವರ ನಿದ್ದೆ ಎರಡಾಗಿ ಒಡೆಯಿತೆಂದು ಅಮೆರಿಕದ ಮನೋವೈದ್ಯ ಥಾಮಸ್ ವೆರ್ ಅವರ ಪ್ರಯೋಗ 1992ರಲ್ಲಿ ವರದಿ ಮಾಡಿತು, ನಿಜ. ಆದರೆ ವಿದ್ಯುತ್ ಇಲ್ಲದೆ ಬಾಳುವ ತಾಂಜಾನಿಯಾದ ಹಡ್ಜಾ, ನಮೀಬಿಯಾದ ಸಾನ್ ಮತ್ತು ಬೊಲಿವಿಯಾದ ತ್ಸಿಮಾನೆ ಜನರು ಸೂರ್ಯಾಸ್ತದ ಸುಮಾರು ಮೂರು ಗಂಟೆಯ ಬಳಿಕ ಮಲಗಿ, ಸಾಮಾನ್ಯವಾಗಿ ಒಂದೇ ಓಟದಲ್ಲಿ ನಿದ್ದೆ ಮಾಡುತ್ತಾರೆಂದು 2015ರ ಅಧ್ಯಯನವೊಂದು ತೋರಿಸಿತು. ಸಮಭಾಜಕ ವೃತ್ತದಿಂದ ದೂರದ ನಾಡುಗಳಲ್ಲಿ ಚಳಿಗಾಲದ ಇರುಳು ಬಹಳ ದೀರ್ಘವಾಗುವುದರಿಂದ ಅಲ್ಲಿ ನಿದ್ದೆ ಎರಡು ತುಂಡಾಗಿರಬಹುದೆಂಬ ಆ ಸಂಶೋಧಕರ ಊಹೆಯೇ ನನಗೆ ಹೆಚ್ಚು ಸಮಂಜಸವಾಗಿ ತೋರುತ್ತದೆ.