ಊರೂರು ಸೇರಿಸಿದರೆ ಹಣ ಹುಟ್ಟುತ್ತದೆಯೇ?

ಪ್ರಶ್ನೆ: ಟೋಕಿಯೊದಿಂದ ಒಸಾಕಾವರೆಗಿನ ಊರುಗಳೆಲ್ಲ ಒಂದೇ ನಗರದ ಹಾಗೆ ದುಡಿಯುತ್ತವೆ, ಜಪಾನಿನ ಸಿರಿತನದ ಗುಟ್ಟು ಅದೇ ಎಂದು ನಮ್ಮ ಮೇಷ್ಟ್ರು ಹೇಳಿದರು. ವೇಗದ ರೈಲು ಹಾಕಿದರೆ ಎಲ್ಲ ಕಡೆಯೂ ಹೀಗಾಗುತ್ತದೆಯೇ?
– ಬಿ.ಎ. ವಿದ್ಯಾರ್ಥಿನಿ, ರಾಮನಗರ

ಉತ್ತರ: ಬರಿಯ ರೈಲಿನಿಂದ ಆಗುವುದಿಲ್ಲಮ್ಮ. ಟೋಕಿಯೊ, ನಗೋಯಾ, ಒಸಾಕಾ ವಲಯಗಳಲ್ಲಿ ಜಪಾನಿನ ಅರ್ಧಕ್ಕಿಂತ ಹೆಚ್ಚು ಜನ ಇದ್ದಾರೆ, ನಿಜ. ಆದರೆ ವೇಗದ ರೈಲು ಬರುವ ಮೊದಲೇ ಅಲ್ಲಿನ ಒಂದೊಂದು ಊರಿಗೂ ಒಂದೊಂದು ಕಸುಬು ಕೈಹಿಡಿದಿತ್ತು.

ದಾರಿಯ ಅರ್ಧದಲ್ಲಿ ಸಿಗುವ ಹಮಾಮತ್ಸುವನ್ನೇ ನೋಡಿ. ನೇಯ್ಗೆ, ಮರಗೆಲಸದ ಊರು. 1909ರಲ್ಲಿ ಮಿಚಿಯೊ ಸುಜುಕಿ ಇಲ್ಲಿ ಮಗ್ಗ ತಯಾರಿಸುವ ಕಾರ್ಖಾನೆ ಹಾಕಿದರು. ನಾವು ಓಡಿಸುವ ಸುಜುಕಿ ಬೈಕಿನ ಮೂಲ ಅದು. ಟೊಯೊಟಾ ಮನೆತನದ ಸಕಿಚಿ ಟೊಯೊಡಾ ಪಕ್ಕದ ಕೊಸಾಯಿಯವರು, ಅವರದೂ ಮಗ್ಗದ ಕೆಲಸವೇ. 1948ರಲ್ಲಿ ಹೋಂಡಾ ಕಂಪನಿ ಶುರುವಾದದ್ದೂ ಹಮಾಮತ್ಸುವಿನಲ್ಲೇ. ಎರಕ, ಲೇತು ಬಲ್ಲವರು ಅಕ್ಕಪಕ್ಕದಲ್ಲೇ ಇದ್ದರೆ ಹೊಸ ಕಂಪನಿಗೆ ಕೆಲಸಗಾರರನ್ನು ಹುಡುಕುವ ತಾಪತ್ರಯವಿಲ್ಲ. ಬೋಲ್ಟು ಮಾಡುವವರಿಗೆ ಒಬ್ಬರ ಬದಲು ನಾಲ್ವರು ಗಿರಾಕಿ. ನಿಮ್ಮ ಹತ್ತಿರದ ಬಿಡದಿಗೆ ಒಮ್ಮೆ ಹೋಗಿ ಬನ್ನಿ. ಟೊಯೊಟಾ ಕಾರ್ಖಾನೆಯ ಸುತ್ತ ಬಿಡಿಭಾಗದ ಕಂಪನಿಗಳು ಹೇಗೆ ನೆರೆದಿವೆ ಎಂಬುದನ್ನು ಕಣ್ಣಾರೆ ಕಂಡರೆ ಪುಸ್ತಕದ ಅರ್ಧ ಪಾಠ ಅಲ್ಲೇ ತಿಳಿಯುತ್ತದೆ.

ಇಂಥ ಊರುಗಳ ನಡುವೆ 1964ರ ಅಕ್ಟೋಬರ್ 1ರಂದು ಶಿಂಕಾನ್‌ಸೆನ್ ಎಂಬ ವೇಗದ ರೈಲು ಓಡಿತು. ಟೋಕಿಯೊದಿಂದ ಒಸಾಕಾಗೆ ಆರೂವರೆ ಗಂಟೆಯ ಪ್ರಯಾಣ ನಾಲ್ಕಕ್ಕೆ ಇಳಿಯಿತು, ಈಗ ಸುಮಾರು ಎರಡೂವರೆ. ಬೆಳಿಗ್ಗೆ ಒಸಾಕಾ ಬಿಟ್ಟ ಎಂಜಿನಿಯರ್ ಟೋಕಿಯೊದಲ್ಲಿ ಮಾತುಕತೆ ಮುಗಿಸಿ ರಾತ್ರಿ ಊಟಕ್ಕೆ ಮನೆಗೆ ಬರಬಹುದು. ಹೆಚ್ಚಿನವರು ಗಮನಿಸದ ಇನ್ನೊಂದು ಲಾಭವಿದೆ: ಜನ ಹೊಸ ಹಳಿಗೆ ಹೋದದ್ದರಿಂದ, ಕಿಕ್ಕಿರಿದಿದ್ದ ಹಳೆಯ ಹಳಿಯಲ್ಲಿ ಸರಕಿನ ಗಾಡಿಗಳಿಗೆ ಜಾಗವಾಯಿತು.

ಆದರೆ ಒಸಾಕಾದ ಕಥೆ ನೋವಿನದು. ಒಂದು ಕಾಲಕ್ಕೆ ಗಿರಣಿ, ವ್ಯಾಪಾರದಲ್ಲಿ ಟೋಕಿಯೊಗೆ ಸಡ್ಡು ಹೊಡೆದಿದ್ದ ಊರು. ಪ್ರಯಾಣ ಸಲೀಸಾದಂತೆ ಅಲ್ಲಿನ ದೊಡ್ಡ ಕಂಪನಿಗಳು ಒಂದೊಂದಾಗಿ ಪ್ರಧಾನ ಕಚೇರಿಯನ್ನು ಟೋಕಿಯೊಗೆ ಸಾಗಿಸಿದವು. ಎಳನೀರನ್ನು ಕೊಳವೆಯಲ್ಲಿ ಹೀರಿದ ಹಾಗೆ ದೊಡ್ಡ ನಗರ ಚಿಕ್ಕದನ್ನು ಹೀರುವುದಕ್ಕೆ ಜಪಾನಿನಲ್ಲಿ ‘ಸ್ಟ್ರಾ ಪರಿಣಾಮ’ ಎಂದೇ ಹೆಸರಿದೆ. ಕಚೇರಿಯ ಮೇಜನ್ನು ಎಲ್ಲಿ ಬೇಕಾದರೂ ಹಾಕಬಹುದು. ನುರಿತ ಕೈಗಳಿರುವ ಕಾರ್ಖಾನೆಯ ಬೀದಿಯನ್ನು ಕಿತ್ತು ಒಯ್ಯಲಾಗದು. ಸುಜುಕಿಯ ಪ್ರಧಾನ ಕಚೇರಿ ಇಂದಿಗೂ ಹಮಾಮತ್ಸುವಿನಲ್ಲೇ ಇದೆ.